ಅಳತೆ ಪುಸ್ತಕದ ತಾರೀಖು, ಹೋಬಳಿಯ ಮಳೆ

ಹಾಸನ ಜಿಲ್ಲೆಯ ಒಂದು ಎಂಜಿನಿಯರಿಂಗ್ ವಿಭಾಗದಲ್ಲಿ ಗುತ್ತಿಗೆದಾರರ ಬಿಲ್ಲುಗಳನ್ನು ಪರಿಶೀಲಿಸುವ ಲೆಕ್ಕಾಧೀಕ್ಷಕನಾಗಿ ನಾನು ಒಂಬತ್ತು ವರ್ಷ ಕೆಲಸ ಮಾಡಿದ್ದೇನೆ. ಅಲ್ಲಿಗೆ ಹೋದ ಮೊದಲ ವರ್ಷದಲ್ಲೇ ನನ್ನನ್ನು ಕಾಡತೊಡಗಿದ ಸಂಗತಿಯೆಂದರೆ, ಪಾವತಿಯಾದ ಹಣದ ಲೆಕ್ಕ ನಗದು ಪುಸ್ತಕದಲ್ಲಿ, ರಾಜ್ಯ ಸರ್ಕಾರದ ಆನ್‌ಲೈನ್ ಖಜಾನೆ ವ್ಯವಸ್ಥೆಯಾದ ಖಜಾನೆ-2ರಲ್ಲಿ, ಗುತ್ತಿಗೆದಾರರ ಲೆಡ್ಜರಿನಲ್ಲಿ ಮೂರು ಸಲ ದಾಖಲಾಗುತ್ತಿತ್ತು. ಗುತ್ತಿಗೆದಾರರು ಆ ಕೆಲಸವನ್ನು ಹೇಗೆ ಮಾಡಿದರೆಂಬುದು ಎಲ್ಲಿಯೂ ದಾಖಲಾಗುತ್ತಿರಲಿಲ್ಲ. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಟೆಂಡರನ್ನು ಹೇಗೆ ಕರೆಯಬೇಕು, ಹೇಗೆ ಅಂಗೀಕರಿಸಬೇಕು ಎಂಬುದನ್ನು ಕಟ್ಟುನಿಟ್ಟಾಗಿ ಹೇಳುತ್ತದೆ. ಕಾರ್ಯಾದೇಶ ಕೈಸೇರಿದ ಮೇಲಿನ ದಿನಗಳನ್ನು ಕಾಯುವ ಹೊಣೆಯ ಬಹುಪಾಲು, ಅಳತೆ ಬರೆಯುವ ಎಂಜಿನಿಯರ್ ಮತ್ತು ಬಿಲ್ಲು ನೋಡುವ ನಮ್ಮಂಥವರ ಮೇಲೆಯೇ ಬೀಳುತ್ತದೆ.

ಆದ್ದರಿಂದ ನಾನೇ ಒಂದು ವಹಿ ತೆರೆದೆ. ಕಾಮಗಾರಿಗೆ ಒಂದರಂತೆ ಪುಟ, ಪುಟದಲ್ಲಿ ಮೂರು ಕಲಂ: ಒಪ್ಪಂದದ ಅವಧಿಯಲ್ಲಿ ಎಷ್ಟು ಪಾಲು ಕಳೆದಿದೆ, ಕೆಲಸ ಎಷ್ಟು ಪಾಲು ಮುಗಿದಿದೆ, ಹಣ ಎಷ್ಟು ಪಾಲು ಹೋಗಿದೆ. ಪ್ರತಿ ತಿಂಗಳ ಕೊನೆಗೆ ಇವನ್ನು ತುಂಬುತ್ತಿದ್ದೆ. ಎರಡನೆಯ ಕಲಮಿನಲ್ಲಿ ನಾನು ಮೊದಮೊದಲು ದೊಡ್ಡ ತಪ್ಪು ಮಾಡಿದ್ದೆ. ಬಿಲ್ಲಿನ ಮೊತ್ತದಿಂದಲೇ ಭೌತಿಕ ಪ್ರಗತಿಯನ್ನು ಲೆಕ್ಕ ಹಾಕುತ್ತಿದ್ದುದರಿಂದ ಕೆಲಸವೂ ಹಣವೂ ಯಾವಾಗಲೂ ಸರಿಸಮವಾಗಿಯೇ ಕಾಣುತ್ತಿದ್ದವು. ಕುಡಿಯುವ ನೀರಿನ ಕಾಮಗಾರಿಯಲ್ಲಿ, 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ನಿನ ಗುರಿ ಪ್ರತಿಯೊಬ್ಬರಿಗೆ ದಿನಕ್ಕೆ 55 ಲೀಟರ್ ನೀರು ತಲುಪಿಸುವುದೇ ಹೊರತು ಇಷ್ಟು ಮೀಟರ್ ಪೈಪಿನ ಕಾಲುವೆ ತೋಡುವುದಲ್ಲ. ಇದು ಹೊಳೆದ ಮೇಲೆ, ನಲ್ಲಿಯಲ್ಲಿ ನಿಜವಾಗಿ ನೀರು ಬಂದ ಮನೆಗಳ ಸಂಖ್ಯೆಯನ್ನೇ ಎರಡನೆಯ ಕಲಮಿಗೆ ಬರೆಯತೊಡಗಿದೆ. ಆಗ ಪುಟಗಳ ಚಿತ್ರವೇ ಬದಲಾಯಿತು. ಮುಕ್ಕಾಲು ಪಾಲು ಹಣ ಹೋಗಿದ್ದರೂ ಒಂದು ಮನೆಗೂ ನೀರು ಬಾರದ ಊರುಗಳು ಕಣ್ಣಿಗೆ ಬಿದ್ದವು.

ಹೀಗಾಗುವುದಕ್ಕೆ ಕಾರಣ ಟೆಂಡರಿನ ದರಗಳಲ್ಲೇ ಅಡಗಿರಬಹುದೆಂದು ತಿಳಿಯಲು ನನಗೆ ಇನ್ನೂ ಒಂದು ವರ್ಷ ಬೇಕಾಯಿತು. ಪ್ರತಿ ಬಾಬಿಗೂ ಬೇರೆ ಬೇರೆ ದರ ನಮೂದಿಸುವ ಐಟಂ ದರದ ಟೆಂಡರಿನಲ್ಲಿ ಒಟ್ಟು ಮೊತ್ತ ಕಡಿಮೆಯಿರುವವರಿಗೆ ಕೆಲಸ ಸಿಗುವುದರಿಂದ, ಕೆಲವರು ಮೊದಲು ಮುಗಿಯುವ ಮಣ್ಣಿನ ಕೆಲಸಕ್ಕೂ ಪೈಪು ಸರಬರಾಜಿಗೂ ಅಂದಾಜು ದರಕ್ಕಿಂತ ಬಹಳ ಹೆಚ್ಚು ನಮೂದಿಸಿ, ಕೊನೆಗೆ ಬರುವ ಒತ್ತಡ ಪರೀಕ್ಷೆ, ನಲ್ಲಿ ಜೋಡಣೆ, ಅಗೆದ ಕಾಂಕ್ರೀಟ್ ರಸ್ತೆಯ ದುರಸ್ತಿಗಳಿಗೆ ಕೈಗೆ ಗಿಟ್ಟದಷ್ಟು ಕಡಿಮೆ ದರ ಹಾಕುತ್ತಾರೆ. ಮೊದಲ ಎರಡು ಬಿಲ್ಲುಗಳಲ್ಲಿ ಲಾಭವೆಲ್ಲ ಬಂದ ಮೇಲೆ ಅಂಥವರಿಗೆ ಊರಿನತ್ತ ತಿರುಗಿ ನೋಡುವ ಅಗತ್ಯ ಉಳಿಯುವುದಿಲ್ಲ. ದರಗಳು ಹೀಗೆ ಏರುಪೇರಾಗಿದ್ದರೆ ದರ ವಿಶ್ಲೇಷಣೆ ಕೇಳುವುದಕ್ಕೂ ಹೆಚ್ಚುವರಿ ಭದ್ರತೆ ಪಡೆಯುವುದಕ್ಕೂ ನಮ್ಮ ಟೆಂಡರ್ ದಾಖಲೆಯಲ್ಲೇ ಅವಕಾಶವಿತ್ತು. ಅದನ್ನು ಬಳಸಬೇಕಾದರೆ ಒಪ್ಪಂದಕ್ಕೆ ಸಹಿ ಬೀಳುವ ಮುನ್ನ ಐಟಂವಾರು ಹೋಲಿಕೆಯ ಹಾಳೆ ಕಡತದಲ್ಲಿರಬೇಕು. ಆ ಹಾಳೆಯನ್ನು ಸಿದ್ಧಪಡಿಸುವುದನ್ನು ಆಮೇಲೆ ಒಂದು ಟೆಂಡರಿಗೂ ನಾನು ತಪ್ಪಿಸಲಿಲ್ಲ.

ನನಗೆ ಅತಿ ಹೆಚ್ಚು ನೆರವಾದದ್ದು ಮಳೆಯ ಲೆಕ್ಕ. ನಮ್ಮ ಜಿಲ್ಲೆಯಲ್ಲಿ ಸಕಲೇಶಪುರದ ಘಟ್ಟದ ಅಂಚಿನಿಂದ ಅರಸೀಕೆರೆಯ ಬಯಲಿಗೆ ಬರುವಷ್ಟರಲ್ಲಿ ಮಳೆ ಎಷ್ಟೋ ಪಟ್ಟು ಕಡಿಮೆಯಾಗುತ್ತದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಹೋಬಳಿ, ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿವೆ. ದಿನದಿನದ ಅಂಕಿ ಸಿಗುತ್ತದೆ. ಸಕಲೇಶಪುರ ತಾಲ್ಲೂಕಿನ ಒಂದು ಕಾಮಗಾರಿಯ ಅಳತೆ ಪುಸ್ತಕದಲ್ಲಿ ಜುಲೈ ತಿಂಗಳ ಒಂದೇ ವಾರದಲ್ಲಿ 1,800 ಮೀಟರ್ ಕಾಲುವೆ ಅಗೆದು, ಪೈಪು ಹಾಕಿ, ಮಣ್ಣು ಮುಚ್ಚಿದ್ದಾಗಿ ಬರೆದಿತ್ತು. ಆ ಹೋಬಳಿಯಲ್ಲಿ ಆ ವಾರ ಒಂದು ದಿನವೂ ಮಳೆ ಬಿಟ್ಟಿರಲಿಲ್ಲ. ಬಿಲ್ಲನ್ನು ತಡೆಹಿಡಿದು, ಅನುಮತಿ ಪಡೆದು ಸ್ಥಳಕ್ಕೆ ಹೋದೆ. ಪಂಚಾಯಿತಿಯ ನೀರುಗಂಟಿ, ನಾನು ತಾರೀಖು ಹೇಳುತ್ತಿದ್ದಂತೆಯೇ, "ಆ ಮಳೇಲಿ ಈ ಇಳಿಜಾರಿಗೆ ಜೆಸಿಬಿ ಇಳಿಯಾಕಾಯ್ತದಾ ಸಾರ್? ಅಗೆದಿದ್ದು ದೀಪಾವಳಿ ಆದ್ಮೇಲೆ" ಎಂದರು. ಎಂಜಿನಿಯರ್, ಗುತ್ತಿಗೆದಾರರ ಪ್ರತಿನಿಧಿ ಇಬ್ಬರ ಎದುರಿನಲ್ಲೇ ಟೇಪು ಹಿಡಿದು ಮತ್ತೆ ಅಳೆದಾಗ ಸಿಕ್ಕಿದ್ದು 1,140 ಮೀಟರ್. ಉಳಿದ 660 ಮೀಟರಿನ ಹಣ ಆ ಬಿಲ್ಲಿನಿಂದ ಕಡಿತವಾಯಿತು, ತಾರೀಖಿನ ವಿಷಯ ನನ್ನ ಷರಾದೊಂದಿಗೆ ಮೇಲಧಿಕಾರಿಗಳಿಗೆ ಹೋಯಿತು. ಆ ಯುವ ಎಂಜಿನಿಯರ್ ಒತ್ತಡಕ್ಕೆ ಮಣಿದು ಬರೆದಿದ್ದರೆಂದು ಆಮೇಲೆ ನನ್ನಲ್ಲಿ ಹೇಳಿಕೊಂಡರು. ನಾನು ಮರುಗಿದೆ, ಆದರೆ ಷರಾವನ್ನು ಹಿಂತೆಗೆದುಕೊಳ್ಳಲಿಲ್ಲ.

ಪೈಪುಗಳ ವಿಚಾರದಲ್ಲಿ ಪರಿಶೀಲನೆ ಸುಲಭ. ನೀರು ಸರಬರಾಜಿನ ಎಚ್‌ಡಿಪಿಇ ಪ್ಲಾಸ್ಟಿಕ್ ಪೈಪಿನ ಮೈಮೇಲೆ ಭಾರತೀಯ ಮಾನಕ ಐಎಸ್ 4984ರ ಗುರುತಿನ ಜೊತೆಗೆ ವ್ಯಾಸ, ಒತ್ತಡದ ದರ್ಜೆ, ಬ್ಯಾಚ್ ಸಂಖ್ಯೆ ಮುದ್ರಿತವಾಗಿರುತ್ತವೆ. ಆ ಬ್ಯಾಚ್ ಸಂಖ್ಯೆ ಪರೀಕ್ಷಾ ಪ್ರಮಾಣಪತ್ರದೊಂದಿಗೂ, ಇನ್‌ವಾಯ್ಸ್ ಸಂಖ್ಯೆ ಸರಕು ಸಾಗಣೆಯ ಇ-ವೇ ಬಿಲ್ಲಿನೊಂದಿಗೂ ತಾಳೆಯಾಗಬೇಕು. ಒಂದೇ ಇನ್‌ವಾಯ್ಸಿನ ನಕಲು ಎರಡು ಊರುಗಳ ಬಿಲ್ಲುಗಳಿಗೆ ಲಗತ್ತಾಗಿದ್ದದ್ದು ನನಗೆ ಸಿಕ್ಕಿದ್ದು, ಇನ್‌ವಾಯ್ಸ್ ಸಂಖ್ಯೆಗಳನ್ನೆಲ್ಲ ವಹಿಯ ಹಿಂಬದಿಯಲ್ಲಿ ಬರೆದಿಡುವ ರೂಢಿಯಿಂದ.

ಅದೇ ಮಳೆಯ ಅಂಕಿ ಗುತ್ತಿಗೆದಾರರ ಪರವಾಗಿಯೂ ನಿಂತಿದೆ, ಇದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಅರಸೀಕೆರೆ ಕಡೆಯ ಒಬ್ಬರು ಮಳೆಯ ಕಾರಣ ಕೊಟ್ಟು ಕಾಲಾವಧಿ ವಿಸ್ತರಣೆ ಕೇಳಿದಾಗ ಒಣ ದಿನಗಳ ಪಟ್ಟಿ ಅವರ ಅರ್ಜಿಯನ್ನು ಅಲ್ಲಿಗೇ ಮುಗಿಸಿತು. ಸಕಲೇಶಪುರದ ಒಂದು ಸಣ್ಣ ಸೇತುವೆ ಕಾಮಗಾರಿಯಲ್ಲಿ ಮಾತ್ರ, 94 ದಿನಗಳ ವಿಳಂಬಕ್ಕೆ ದಂಡ ವಿಧಿಸುವ ಪ್ರಸ್ತಾವನೆ ಸಿದ್ಧವಾಗಿದ್ದಾಗ, ಅದರಲ್ಲಿ 61 ದಿನ ಕಾಂಕ್ರೀಟ್ ಹಾಕಲು ಸಾಧ್ಯವೇ ಇರಲಿಲ್ಲವೆಂದು ಅಂಕಿಗಳಿಂದ ತೋರಿಸಿ ಟಿಪ್ಪಣಿ ಮಂಡಿಸಿದೆ. ದಂಡ 33 ದಿನಗಳಿಗೆ ಇಳಿಯಿತು.

ಒಂದು ವರ್ಷದ ಬಳಿಕ ಅದೇ ಗುತ್ತಿಗೆದಾರರು ಮುಂದಿನ ಟೆಂಡರಿಗೆ ಬೇಕಾದ ಕಾರ್ಯಾನುಭವ ಪ್ರಮಾಣಪತ್ರ ಕೇಳಿಕೊಂಡು ಬಂದರು. ಅಲ್ಲಿಯವರೆಗೆ ಎಲ್ಲರಿಗೂ "ಕೆಲಸ ತೃಪ್ತಿಕರ" ಎಂಬ ಒಂದೇ ಸಾಲು ಹೋಗುತ್ತಿತ್ತು. ಈ ಸಲ ನಾನು ಸಿದ್ಧಪಡಿಸಿದ ಕರಡಿನಲ್ಲಿ ಕಾರ್ಯಾದೇಶದ ದಿನಾಂಕ, ಮುಗಿಸಿದ ದಿನಾಂಕ, ಮಳೆಗೆ ಬಿಟ್ಟ ದಿನಗಳು, ದಂಡ ಬಿದ್ದ 33 ದಿನಗಳು, ಕೆಲಸ ಮುಗಿದ ಮೇಲೂ ದೋಷಗಳನ್ನು ಗುತ್ತಿಗೆದಾರರೇ ಸರಿಪಡಿಸಬೇಕಾದ ದೋಷ ಹೊಣೆಗಾರಿಕೆಯ ಅವಧಿಯಲ್ಲಿ ನೋಟಿಸು ಹೋಗುವ ಮೊದಲೇ ಅವರು ಸರಿಪಡಿಸಿಕೊಟ್ಟ ತಡೆಗೋಡೆಯ ಬಿರುಕು ಎಲ್ಲವೂ ಇದ್ದವು. ಕಾರ್ಯಪಾಲಕ ಎಂಜಿನಿಯರ್ ಒಂದಕ್ಷರವನ್ನೂ ತಿದ್ದದೆ ಸಹಿ ಹಾಕಿದರು. ಗುತ್ತಿಗೆದಾರರು ನಿಂತಲ್ಲೇ ಎರಡು ಸಲ ಓದಿ, "33 ದಿನ ತಡವಾಗಿದ್ದು ನಿಜ, ಇರಲಿ ಬಿಡಿ ಸಾರ್. ಬಿರುಕು ಸರಿ ಮಾಡಿದ್ದನ್ನು ಇದುವರೆಗೆ ಯಾರೂ ಬರೆದುಕೊಟ್ಟಿರಲಿಲ್ಲ" ಎಂದು ಹೇಳಿ, ಪತ್ರವನ್ನು ಮಡಿಸದೆ ಹಾಗೆಯೇ ಫೈಲಿನಲ್ಲಿಟ್ಟುಕೊಂಡು ಹೋದರು.