ಟ್ವೀಟರ್ ಮಂಕಾಗಿದ್ದರೆ ಮೊದಲು ಕೆಪಾಸಿಟರ್ ಬದಲಿಸಿ ನೋಡಿ
ಹಳೇ ಸ್ಟೀರಿಯೋದಲ್ಲಿ ಒಂದು ಕಡೆಯ ಟ್ವೀಟರ್ (ತೆಳು, ಕೀರಲು ಸದ್ದು ಕೊಡುವ ಚಿಕ್ಕ ಸ್ಪೀಕರ್) ಮಂಕಾಗಿದ್ದರೆ, ಹೊಸದು ಕೊಳ್ಳುವ ಮುಂಚೆ ಕ್ರಾಸ್‌ಓವರ್ ಬೋರ್ಡಿನಲ್ಲಿ (ದಪ್ಪ ಸದ್ದು, ತೆಳು ಸದ್ದು ಬೇರೆಮಾಡಿ ಕಳಿಸುವ ಬೋರ್ಡು) ಟ್ವೀಟರ್‌ಗೆ ಹೋಗುವ ದಾರಿಯಲ್ಲಿರುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಬದಲಿಸಿ ನೋಡಿ. ವರ್ಷಗಳು ಕಳೆದಂತೆ ಅದು ಒಳಗೇ ಒಣಗುತ್ತದೆ, ಟ್ವೀಟರ್‌ಗೆ ಸಿಗ್ನಲ್ ಪೂರ್ತಿ ತಲುಪುವುದಿಲ್ಲ. ತಾಳ, ಗೆಜ್ಜೆಯ ಸದ್ದೆಲ್ಲ ಕಂಬಳಿ ಹೊದ್ದ ಹಾಗೆ ಕೇಳುತ್ತದೆ. ಬಿಚ್ಚುವ ಮೊದಲು ಆಂಪ್ಲಿಫೈಯರ್ ಆಫ್ ಮಾಡಿ, ಎಡ ಬಲ ಸ್ಪೀಕರ್‌ಗಳನ್ನು ಅದಲುಬದಲು ಮಾಡಿ. ಮಂಕು ಅದೇ ಸ್ಪೀಕರ್ ಜೊತೆ ಹೋದರೆ ಮಾತ್ರ ಮುಂದುವರಿಯಿರಿ. ಹೊಸ ಕೆಪಾಸಿಟರ್ ಹಳೆಯದರಷ್ಟೇ ಮೈಕ್ರೋಫ್ಯಾರಡ್‌ನದಿರಲಿ, ವೋಲ್ಟೇಜ್ ಜಾಸ್ತಿಯಾದರೆ ಪರವಾಗಿಲ್ಲ, ಆದರೆ ನಾನ್‌ಪೋಲಾರ್ (ಪ್ಲಸ್ ಮೈನಸ್ ಭೇದವಿಲ್ಲದ್ದು) ಆಗಿರಲೇಬೇಕು. ಎರಡೂ ಸ್ಪೀಕರ್‌ಗೆ ಹಾಕಿದರೆ ಒಳ್ಳೆಯದು. ಟ್ವೀಟರ್ ವೈರ್ ಬಿಡಿಸಿ ಮಲ್ಟಿಮೀಟರ್ ಹಿಡಿದರೆ 8 ಓಮ್‌ನದು ಸುಮಾರು 5ರಿಂದ 7 ತೋರಿಸಬೇಕು. ಏನೂ ತೋರಿಸದಿದ್ದರೆ ಟ್ವೀಟರ್ ಒಳಗಿನ ಕಾಯಿಲ್ (ತಂತಿಸುರುಳಿ) ತುಂಡಾಗಿದೆ, ಆಗ ಕೆಪಾಸಿಟರ್‌ಗೆ ಸುಮ್ನೆ ದುಡ್ಡು ಹಾಕಬೇಡಿ.