ಬಾಟಲಿಯಲ್ಲಿ ಎರಡೇ ಗ್ರಂಥಿ

ಹಾಸನದಲ್ಲಿ ಶನಿವಾರ ನನ್ನನ್ನು ನೋಡಲು ಬರುವವರ ಬಾಯಲ್ಲಿ ಲ್ಯಾಪರೋಸ್ಕೋಪಿ ಎಂಬ ಪದ ಹೊರಳುವುದಿಲ್ಲ. ಅವರಿಗೆ ಅದು ‘ಲೇಸರ್ ಆಪರೇಷನ್’. ಪಿತ್ತಕೋಶದ ಕಲ್ಲು ತೆಗೆಸಿಕೊಂಡ ಯಾರೋ ನೆಂಟರಿಂದ ಬಂದ ಮಾತು. ಅದರಲ್ಲಿ ಲೇಸರ್ ಎಳ್ಳಷ್ಟೂ ಇಲ್ಲ. ನಾಲ್ಕೈದು ತೂತು, ಒಂದು ಕ್ಯಾಮೆರಾ, ಉದ್ದನೆಯ ಉಪಕರಣಗಳು, ಅಷ್ಟೇ. ಮೊದಮೊದಲು ತಿದ್ದುತ್ತಿದ್ದೆ. ಈಗ ಬಿಟ್ಟಿದ್ದೇನೆ.

ಹೋದ ವರ್ಷ ಮಳೆ ಹಿಡಿತ ಬಿಡುವ ಹೊತ್ತಿಗೆ ಸಕಲೇಶಪುರದ ಕಡೆಯ ಕಾಫಿ ಬೆಳೆಗಾರರೊಬ್ಬರು ಮಗನ ಜೊತೆ ಬಂದರು. ಅರವತ್ತು ದಾಟಿದ ಗಟ್ಟಿ ಆಳು. ಹೊಟ್ಟೆ ಭಾರ ಎಂದು ಸ್ಕ್ಯಾನ್ ಮಾಡಿಸಿದಾಗ ಲಿವರ್‌ನ ಬಲಭಾಗದಲ್ಲಿ ಎಂಟು ಸೆಂಟಿಮೀಟರಿನ ಗಡ್ಡೆ ಕಂಡಿತ್ತು. ಪಿತ್ತನಾಳದ ಕ್ಯಾನ್ಸರ್, ಆದರೆ ಲಿವರ್‌ನ ಒಳಗಿನ ಸಣ್ಣ ನಾಳಗಳಲ್ಲಿ ಹುಟ್ಟಿದ್ದು. “ಕಾಮಾಲೆಯೇ ಇಲ್ಲವಲ್ಲ ಸರ್?” ಎಂದು ಮಗ ಕೇಳಿದ. ಎಲ್ಲರೂ ಕೇಳುತ್ತಾರೆ. ದೊಡ್ಡ ನಾಳ ಕಟ್ಟಿಕೊಂಡರೆ ಕಣ್ಣು ಹಳದಿಯಾಗುತ್ತದೆ. ಒಳಗಿನ ಕೊಂಬೆಗಳಲ್ಲಿ ಬೆಳೆದರೆ ಬಹಳ ದಿನ ಸುಳಿವೇ ಸಿಗುವುದಿಲ್ಲ. ಮಲೆನಾಡಿನಲ್ಲಿ ಕಣ್ಣು ಹಳದಿಯಾದರೆ ನಾಟಿ ಔಷಧಿಗಾದರೂ ಓಡುತ್ತಾರೆ. ಇದಕ್ಕೆ ಅದೂ ಇಲ್ಲ.

“ಲೇಸರ್‌ನಲ್ಲೇ ಮಾಡಿಬಿಡಿ ಸರ್, ಕೊಯ್ಲಿನ ಹೊತ್ತಿಗೆ ಅಪ್ಪ ತೋಟಕ್ಕೆ ಇಳಿಯಬೇಕು” ಎಂದ. ಆಗುವುದಿಲ್ಲ ಎಂದೆ. ಪಕ್ಕದ ಬೀದಿಯಲ್ಲಿ ಬೇರೆ ಡಾಕ್ಟರನ್ನು ಹುಡುಕುವವನಂತೆ ಅವನು ನನ್ನನ್ನು ನೋಡಿದ.

ಅವನಿಗೆ ನಾನು ಅಂದು ಹೇಳದ ಕಥೆಯೊಂದಿದೆ. ಅದಕ್ಕೂ ಕೆಲವು ವರ್ಷ ಹಿಂದೆ ಅರಕಲಗೂಡು ಕಡೆಯ, ಆಲೂಗಡ್ಡೆ ಬೆಳೆಯುವ ಮನೆಯ ಹೆಂಗಸೊಬ್ಬರಿಗೆ ಇದೇ ಕಾಯಿಲೆಗೆ ತೂತಿನ ಮೂಲಕವೇ ಆಪರೇಷನ್ ಮಾಡಿದ್ದೆ. ಗಡ್ಡೆ ಚಿಕ್ಕದು, ಲಿವರ್‌ನ ಎಡತುದಿಯಲ್ಲಿ. ರಕ್ತ ಹೋಗಿದ್ದು ಬಹಳ ಕಡಿಮೆ. ಕತ್ತರಿಸಿದ ಭಾಗವನ್ನು ಚೀಲಕ್ಕೆ ಹಾಕಿ, ಹಳೆಯ ಸಿಸೇರಿಯನ್ ಗಾಯದ ಗೆರೆಯಲ್ಲೇ ಹೊರಗೆ ತೆಗೆದೆ. (ತೂತಿನಿಂದ ಅಷ್ಟು ದೊಡ್ಡದು ಹೇಗೆ ಹೊರಬರುತ್ತದೆ ಎಂದು ಯಾರೂ ಕೇಳುವುದಿಲ್ಲ. ಬರುವುದಿಲ್ಲ; ಎಲ್ಲಾದರೂ ಒಂದು ಕಡೆ ಕೊಯ್ಯಲೇಬೇಕು.) ನಾಲ್ಕನೇ ದಿನ ಅವರು ನಡೆದುಕೊಂಡೇ ಮನೆಗೆ ಹೋದರು. ಬೀಗುತ್ತಿದ್ದೆ.

ಆಮೇಲೆ ಪೆಥಾಲಜಿ ವರದಿ ಬಂತು. ಕತ್ತರಿಸಿದ ಅಂಚು ಶುದ್ಧ. ದುಗ್ಧಗ್ರಂಥಿಗಳು, ಅಂದರೆ ಲಿಂಫ್ ನೋಡ್‌ಗಳು: ಎರಡು. ಎರಡರಲ್ಲೂ ಕ್ಯಾನ್ಸರ್ ಇಲ್ಲ.

ಮನೆಯವರಿಗೆ ಅದು ಹಬ್ಬದ ಸುದ್ದಿ. ನನಗೆ ಗಂಟಲಲ್ಲಿ ಏನೋ ಸಿಕ್ಕಿಕೊಂಡಂತಾಯಿತು. ಈ ಕ್ಯಾನ್ಸರ್ ಲಿವರ್‌ನ ಬುಡದಲ್ಲಿರುವ ಗ್ರಂಥಿಗಳಿಗೆ ಹರಡುವುದು ಸಾಮಾನ್ಯ, ಮುಂದಿನ ಆಯುಸ್ಸಿನ ಲೆಕ್ಕ ಬಹುಮಟ್ಟಿಗೆ ಅದರ ಮೇಲೆ ನಿಂತಿದೆ. ಹಂತವನ್ನು ಸರಿಯಾಗಿ ಹೇಳಬೇಕಾದರೆ ಕನಿಷ್ಠ ಆರು ಗ್ರಂಥಿ ತೆಗೆದು ನೋಡಬೇಕು ಎಂದು ಈಗಿನ ವರ್ಗೀಕರಣವೇ ಹೇಳುತ್ತದೆ. ಎರಡನ್ನು ನೋಡಿ ‘ಇಲ್ಲ’ ಎನ್ನುವುದು ಮೂಟೆಯ ಬಾಯಲ್ಲಿ ಎರಡು ಆಲೂಗಡ್ಡೆ ನೋಡಿ ಕೊಳೆತದ್ದಿಲ್ಲ ಎಂದ ಹಾಗೆ. ಹೊಟ್ಟೆ ತೆರೆದು ಮಾಡಿದ್ದರೆ ಕೈ ತಾನಾಗಿ ಆ ಜಾಗವನ್ನೆಲ್ಲ ಬಿಡಿಸಿಬಿಡುತ್ತಿತ್ತು. ಪರದೆ ನೋಡುತ್ತ ನಾಲ್ಕು ಗಂಟೆ ನಿಂತು ಸುಸ್ತಾಗಿ, ಕಣ್ಣಿಗೆ ಬಿದ್ದ ಎರಡನ್ನು ಕಿತ್ತು ಮುಗಿಸಿದ್ದೆ. ತಪ್ಪು ತೂತಿನದಲ್ಲ, ನನ್ನದು.

ಅಂದು ರಾತ್ರಿ ನನ್ನ ಹಳೆಯ ಕೇಸುಗಳ ಪುಸ್ತಕ ತೆಗೆದು ಕುಳಿತೆ. ಕೀಹೋಲ್, ಅಂದರೆ ತೂತಿನ ಆಪರೇಷನ್, ಆದವರೆಲ್ಲ ಬೇಗ ಎದ್ದಿದ್ದರು, ತೊಡಕು ಕಡಿಮೆ. ಆದರೆ ಯಾರಿಗೆ ಕೀಹೋಲ್ ಮಾಡಿದ್ದೆ? ಸಣ್ಣ ಗಡ್ಡೆ, ಅಂಚಿನ ಗಡ್ಡೆ, ಎಡಭಾಗದ ಗಡ್ಡೆ. ದೊಡ್ಡವು, ರಕ್ತನಾಳಕ್ಕೆ ಅಂಟಿದವು ಎಲ್ಲವೂ ಹೊಟ್ಟೆ ತೆರೆಯುವ ವಿಧಾನದ ಪಾಲಿಗೆ ಬಂದಿದ್ದವು. ಸುಲಭದ ಪ್ರಶ್ನೆಪತ್ರಿಕೆ ಬರೆದವನ ಅಂಕ ನೋಡಿ ಜಾಣ ಎಂದುಕೊಂಡಿದ್ದೆ. ಈ ಕ್ಯಾನ್ಸರಿನಲ್ಲಿ ಎರಡು ವಿಧಾನಗಳನ್ನು ಹೋಲಿಸಿ ಪ್ರಕಟವಾದ ಲೆಕ್ಕಗಳೂ ಬಹುಪಾಲು ಹೀಗೆ ಹಿಂದಿರುಗಿ ನೋಡಿ ಬರೆದವೇ. ಚೀಟಿ ಎತ್ತಿ ರೋಗಿಗಳನ್ನು ಎರಡು ಗುಂಪು ಮಾಡಿದ ಓಸ್ಲೋದ ಪ್ರಸಿದ್ಧ ಅಧ್ಯಯನ 2018ರಲ್ಲಿ ಬಂತು. 280 ಜನರಲ್ಲಿ ತೊಡಕುಗಳು ತೆರೆದ ವಿಧಾನದಲ್ಲಿ ಶೇ 31, ಕೀಹೋಲ್‌ನಲ್ಲಿ ಶೇ 19. ಆದರೆ ಅವರಿಗಿದ್ದದ್ದು ಕರುಳಿನಿಂದ ಲಿವರ್‌ಗೆ ಹರಡಿದ ಕ್ಯಾನ್ಸರ್, ಅಲ್ಲಿ ಗ್ರಂಥಿ ಬಿಡಿಸುವ ಈ ಕೆಲಸ ಸಾಮಾನ್ಯವಾಗಿ ಇರುವುದಿಲ್ಲ. ಆ ಅಂಕಿಯನ್ನು ತಂದು ಇಲ್ಲಿ ಅಂಟಿಸಲು ನನಗೆ ಮನಸ್ಸಾಗಲಿಲ್ಲ.

ಆ ಮೇಲೆ ಕ್ರಮ ಬದಲಿಸಿದೆ. ಕೀಹೋಲ್ ಆದರೂ ಲಿವರ್ ಮುಟ್ಟುವ ಮೊದಲು, ಕೈ ಕಣ್ಣು ಹೊಸದಾಗಿರುವಾಗಲೇ, ಗ್ರಂಥಿಗಳ ಕೆಲಸ. ಲಿವರ್‌ಗೆ ಹೋಗುವ ಅಪಧಮನಿಯನ್ನು ಸುತ್ತಲೂ ಬಿಡಿಸಿ, ಅದರ ಮೇಲಿನ ಕೊಬ್ಬಿನ ಸಮೇತ ಗ್ರಂಥಿ ಎತ್ತುತ್ತೇನೆ. ನಂತರ ಸಣ್ಣಕರುಳಿನ ಮೊದಲ ತಿರುವನ್ನು ಮಗುಚಿ, ಕರುಳಿನಿಂದ ಲಿವರ್‌ಗೆ ರಕ್ತ ತರುವ ಪೋರ್ಟಲ್ ರಕ್ತನಾಳದ ಬೆನ್ನಿನಲ್ಲಿ ಅಡಗಿರುವುದನ್ನು ಹುಡುಕುತ್ತೇನೆ. ಅಲ್ಲಿ ಕ್ಯಾಮೆರಾದ ಉಪಕಾರ ದೊಡ್ಡದು, ಎಳೆ ಎಳೆ ಕಾಣುತ್ತದೆ. ಒಂದೊಂದು ಜಾಗದ್ದು ಒಂದೊಂದು ಬಾಟಲಿಗೆ, ಹೆಸರು ಬರೆದು. ಅದು ಸರಿಯಾಗಿ ಆಗುತ್ತಿಲ್ಲ ಎನಿಸಿದರೆ ಹೊಟ್ಟೆ ತೆರೆಯುತ್ತೇನೆ. ಹಾಗೆ ತೆರೆದದ್ದನ್ನು ಸೋಲು ಎಂದು ಪುಸ್ತಕದಲ್ಲಿ ಬರೆಯುವುದನ್ನು ನಿಲ್ಲಿಸಿದ್ದೇನೆ.

ಸಕಲೇಶಪುರದವರದು ಮೊದಲಿಂದಲೇ ತೆರೆದ ಹೊಟ್ಟೆಯ ಕೆಲಸ. ಗಡ್ಡೆ ಬಲಗಡೆಯ ಮುಖ್ಯ ನಾಳಗಳ ಬುಡಕ್ಕೆ ಒರಗಿತ್ತು. ಪಕ್ಕೆಲುಬಿನ ಕೆಳಗೆ ಉದ್ದಕ್ಕೆ ಕೊಯ್ದು ಬಲಭಾಗ ಪೂರ್ತಿ ತೆಗೆಯಬೇಕು. ಉಳಿಯುವ ಎಡಭಾಗ ಒಟ್ಟು ಗಾತ್ರದ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚು ಎಂದು ಸಿ.ಟಿ.ಯಲ್ಲಿ ಅಳೆದಿದ್ದೆವು, ಅಷ್ಟು ಸಾಕು. ಲಿವರ್‌ಗೆ ಬರುವ ರಕ್ತವನ್ನು ಪಟ್ಟಿ ಬಿಗಿದು ಹದಿನೈದು ನಿಮಿಷ ನಿಲ್ಲಿಸುವುದು, ಐದು ನಿಮಿಷ ಬಿಡುವುದು. 1908ರಲ್ಲಿ ಪ್ರಿಂಗಲ್ ಎಂಬ ಗ್ಲಾಸ್ಗೋದ ಶಸ್ತ್ರವೈದ್ಯ ತೋರಿಸಿದ ಉಪಾಯ. ನರ್ಸ್ ನಿಮಿಷ ಕೂಗುತ್ತಿದ್ದರು. ಎಡಗೈ ಲಿವರ್‌ನ ಹಿಂದೆ, ಬೆರಳ ತುದಿಗೆ ಗಡ್ಡೆಯ ಗಟ್ಟಿ ಅಂಚು. ಆ ಒಂದು ಬೆರಳಿನ ಸ್ಪರ್ಶವನ್ನು ಕ್ಯಾಮೆರಾ ನನಗೆ ಇನ್ನೂ ಕೊಟ್ಟಿಲ್ಲ. ಗ್ರಂಥಿಗಳು ಒಂಬತ್ತು ಸಿಕ್ಕವು. ಒಂದರಲ್ಲಿ ಕ್ಯಾನ್ಸರ್ ಇತ್ತು.

ಚೇತರಿಕೆ ನಿಧಾನ. ಹತ್ತು ದಿನ ಆಸ್ಪತ್ರೆ. ಆಪರೇಷನ್ ಆದ ಬೆಂಗಳೂರಿನಿಂದ ಮನೆಗೆ ಹೋಗುವಾಗ ಹೊಟ್ಟೆಗೆ ದಿಂಬು ಒತ್ತಿ ಹಿಡಿದುಕೊಂಡು, ಒಂದೊಂದು ರಸ್ತೆಯುಬ್ಬಿಗೂ ಮಗನನ್ನು ಬೈದರಂತೆ. ಏಳನೇ ವಾರದಿಂದ ಕ್ಯಾಪೆಸಿಟಬೈನ್ ಎಂಬ ಕೀಮೋ ಮಾತ್ರೆ, ಎರಡು ವಾರ ನುಂಗಿ ಒಂದು ವಾರ ಬಿಡುವು, ಹೀಗೆ ಎಂಟು ಸುತ್ತು. ಕೀಹೋಲ್‌ನ ನಿಜವಾದ ಲಾಭ ಇಲ್ಲಿ ಎಂದು ನನ್ನ ಅನಿಸಿಕೆ: ಬೇಗ ಎದ್ದವರು ಈ ಮಾತ್ರೆಯನ್ನು ತಡವಿಲ್ಲದೆ ಶುರುಮಾಡುತ್ತಾರೆ.

ಅರೇಬಿಕಾ ಕೊಯ್ಲು ತಪ್ಪಿತು. ರೋಬಸ್ಟಾ ಹೊತ್ತಿಗೆ ಅವರು ತೋಟದಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತರು. ಮಾತ್ರೆಯಿಂದ ಅಂಗೈ ಕೆಂಪಾಗಿ ಸುಲಿದಿದ್ದರಿಂದ ಹಣ್ಣು ಕೀಳಲು ಆಗಲಿಲ್ಲ. ಮೊನ್ನೆ ಹಾಸನಕ್ಕೆ ಬಂದವರು ಅಂಗಿ ಎತ್ತಿ, ಗಾಯದ ಕೆಳಗೆ ಅಂಗೈಯಗಲ ಜಾಗವನ್ನು ತಟ್ಟಿ ತೋರಿಸಿದರು. “ಇಲ್ಲಿ ಮುಟ್ಟಿದರೆ ನನಗೆ ಗೊತ್ತೇ ಆಗುವುದಿಲ್ಲ ಡಾಕ್ಟರೇ. ಬೇರೆಯವರ ಹೊಟ್ಟೆ ಮುಟ್ಟಿದ ಹಾಗಿದೆ.” ಕೊಯ್ಯುವಾಗ ಚರ್ಮದ ನರಗಳು ತುಂಡಾಗಿರುತ್ತವೆ, ಪೂರ್ತಿ ಸರಿಹೋಗದೆಯೂ ಇರಬಹುದು ಎಂದೆ. ಅವರು ಅಂಗಿ ಇಳಿಸಿದರು. ಮಗ ಮುಂದಿನ ಸಿ.ಟಿ.ಯ ತಾರೀಖನ್ನು ಮೊಬೈಲ್‌ನಲ್ಲಿ ಬರೆದುಕೊಂಡ.