ಡಿವಿಡಿಯಲ್ಲಿ ಚಿತ್ರ ಬಂತು, ಸೌಂಡ್ ಎಲ್ಲಿ ಹೋಯ್ತು?

ಮಳೆಗಾಲದಲ್ಲಿ ಶಿರಸಿ ಹತ್ತಿರದ ನೆಂಟರ ಮನೆಯಲ್ಲಿ ತಾಳಮದ್ದಳೆ ಇತ್ತು. ಮೂರು ಗಂಟೆಯ ಪ್ರಸಂಗ. ಮೊಣಕಾಲು ನೋವಿನಿಂದ ದೊಡ್ಡಪ್ಪನಿಗೆ ಬರಲಾಗಲಿಲ್ಲ. ಅವರಿಗೆಂದು ಪೂರ್ತಿ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಂಡೆ. ಅವರ ಊರಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗುವುದಿಲ್ಲ, ಮನೆಯಲ್ಲಿ ಡಿವಿಡಿ ಪ್ಲೇಯರ್ ಇದೆ. ಡಿವಿಡಿ ರೈಟ್ ಮಾಡಿ ಕಳಿಸಿದೆ. ಮರುದಿನವೇ ಫೋನ್ ಬಂತು. "ತಮಾ, ಎಲ್ಲರೂ ಬಾಯಿ ಆಡಿಸ್ತಾ ಇದ್ದಾರೆ. ಮಾತು ಒಂದೂ ಕೇಳ್ತಾ ಇಲ್ಲ."

ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರ ಪದ, ಅರ್ಥಧಾರಿಗಳ ಮಾತು, ಅಷ್ಟೇ. ಸೌಂಡ್ ಹೋದರೆ ಎಲ್ಲವೂ ಹೋದ ಹಾಗೆ. ಡಿಸ್ಕ್ ಹಾಳಾಗಿರಬೇಕು ಅಂದುಕೊಂಡು ಇನ್ನೆರಡು ರೈಟ್ ಮಾಡಿದೆ. ಅವೂ ಮೂಕ. ಡಿಸ್ಕ್ ಬದಲಿಸಿದರೆ ಈ ತೊಂದರೆ ಹೋಗುವುದಿಲ್ಲ ಎಂದು ಗೊತ್ತಾಗಿದ್ದು ಆಮೇಲೆ. ಸೌಂಡ್ ಯಾವ ಹಂತದಲ್ಲಿ ಕಾಣೆಯಾಯಿತು ಎಂದು ಹುಡುಕಬೇಕು.

ಮೊದಲು ಎರಡು ಪರೀಕ್ಷೆ

ಅಂಗಡಿಯಿಂದ ತಂದ ಯಾವುದಾದರೂ ಸಿನಿಮಾ ಡಿವಿಡಿಯನ್ನು ಅದೇ ಪ್ಲೇಯರ್‌ಗೆ ಹಾಕಿ. ಅದಕ್ಕೂ ಸೌಂಡ್ ಬರದಿದ್ದರೆ ಮೊದಲು ವೈರ್ ನೋಡಿ. ಹಳದಿ ವೈರ್ ಚಿತ್ರಕ್ಕೆ, ಕೆಂಪು ಮತ್ತು ಬಿಳಿ ಸೌಂಡ್‌ಗೆ. ಟಿವಿಯ ಹಿಂದೆ ಎರಡು ಮೂರು ಸಾಲು ತೂತುಗಳಿದ್ದರೆ ಹಳದಿ ಒಂದು ಸಾಲಿಗೆ, ಉಳಿದೆರಡು ಇನ್ನೊಂದಕ್ಕೆ ಹೋಗಿರುವುದುಂಟು. ಸಿನಿಮಾ ಡಿವಿಡಿ ಚೆನ್ನಾಗಿ ಓಡಿದರೆ ಪ್ಲೇಯರ್, ಟಿವಿ ಎರಡೂ ಸರಿ ಇವೆ.

ಇನ್ನು ನೀವು ರೈಟ್ ಮಾಡಿದ ಡಿಸ್ಕನ್ನು ಕಂಪ್ಯೂಟರ್‌ನಲ್ಲಿ ವಿಎಲ್‌ಸಿ ಎಂಬ ವಿಡಿಯೋ ನೋಡುವ ತಂತ್ರಾಂಶದಿಂದ ಓಡಿಸಿ. ಅಲ್ಲೂ ಸೌಂಡ್ ಇಲ್ಲದಿದ್ದರೆ ಡಿಸ್ಕ್‌ಗೆ ಸೌಂಡ್ ಹೋಗಿಯೇ ಇಲ್ಲ. ಅಲ್ಲಿ ಬಂದು ಟಿವಿಯಲ್ಲಿ ಬರದಿದ್ದರೆ, ಸೌಂಡ್ ಇದೆ, ಆದರೆ ಪ್ಲೇಯರ್‌ಗೆ ಅದು ಅರ್ಥವಾಗುತ್ತಿಲ್ಲ. ನನ್ನದು ಇದೇ ಆಗಿತ್ತು.

ಪ್ಲೇಯರ್‌ಗೆ ಗೊತ್ತಿರುವ ಸೌಂಡ್ ಯಾವುದು?

ಡಿವಿಡಿಯ ನಿಯಮಗಳು ರೂಪುಗೊಂಡಿದ್ದು 1995ರಲ್ಲಿ. ಮೊದಲ ಪ್ಲೇಯರ್‌ಗಳು ಜಪಾನಿನಲ್ಲಿ ಮಾರಾಟಕ್ಕೆ ಬಂದಿದ್ದು 1996ರ ನವೆಂಬರ್‌ನಲ್ಲಿ. ಇವತ್ತು ನಮ್ಮ ಮೊಬೈಲ್‌ಗಳು ವಿಡಿಯೋ ಜೊತೆ ಸೌಂಡನ್ನು ಸಾಮಾನ್ಯವಾಗಿ ಎಎಸಿ ಎಂಬ ರೂಪದಲ್ಲಿ ಉಳಿಸುತ್ತವೆ. ಎಎಸಿಯ ಮಾನದಂಡ ಹೊರಬಂದಿದ್ದು 1997ರಲ್ಲಿ. ಅಂದರೆ ಡಿವಿಡಿ ನಿಯಮ ಬರೆಯುವಾಗ ಎಎಸಿ ಇನ್ನೂ ಬಂದೇ ಇರಲಿಲ್ಲ. ದೊಡ್ಡಪ್ಪನ ಪ್ಲೇಯರ್‌ಗೆ ಅದರ ಪರಿಚಯ ಇಲ್ಲದಿದ್ದರೆ ಅದರ ತಪ್ಪಲ್ಲ, ಅಲ್ವಾ?

ಪ್ಲೇಯರ್‌ಗೆ ಚೆನ್ನಾಗಿ ಗೊತ್ತಿರುವುದು ಎಸಿ-3, ಅಂದರೆ ಡಾಲ್ಬಿ ಡಿಜಿಟಲ್. ಕುಗ್ಗಿಸದ ಪಿಸಿಎಂ ಕೂಡ ಗೊತ್ತು. ಪಾಲ್ ಎಂಬ ಟಿವಿ ಪದ್ಧತಿ ಇರುವ ಭಾರತದಂತಹ ದೇಶಗಳ ಪ್ಲೇಯರ್‌ಗಳಿಗೆ ಎಂಪಿ2 ಎಂಬ ರೂಪ ಕೂಡ ನಡೆಯುತ್ತದೆ. ಅಮೆರಿಕದಲ್ಲಿರುವ ಮಗಳಿಗೆ ಡಿಸ್ಕ್ ಕಳಿಸುವುದಾದರೆ ಎಂಪಿ2 ಬೇಡ, ಅಲ್ಲಿನ ಟಿವಿ ಪದ್ಧತಿಯಾದ ಎನ್‌ಟಿಎಸ್‌ಸಿಯ ಪ್ಲೇಯರ್‌ಗಳು ಅದನ್ನು ನುಡಿಸಲೇಬೇಕು ಅಂತಿಲ್ಲ. ಎಸಿ-3 ಎಲ್ಲ ಕಡೆಯೂ ಸಲ್ಲುತ್ತದೆ. ಸ್ಯಾಂಪಲಿಂಗ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಸಲ ಸೌಂಡನ್ನು ಅಳೆದು ಬರೆದುಕೊಳ್ಳುತ್ತದೆ ಎಂಬ ಲೆಕ್ಕ, 48 ಕಿಲೋಹರ್ಟ್ಜ್ ಇರಲಿ. 44.1 ಎಂಬುದು ಆಡಿಯೋ ಸಿಡಿಯ ಲೆಕ್ಕ, ಡಿವಿಡಿಯದ್ದಲ್ಲ.

ನಿಮ್ಮ ಫೈಲ್‌ನಲ್ಲಿ ಏನಿದೆ ಎಂದು ನೋಡುವುದು ಸುಲಭ. ವಿಎಲ್‌ಸಿಯಲ್ಲಿ ವಿಡಿಯೋ ಓಡುತ್ತಿರುವಾಗ ಟೂಲ್ಸ್ ಮೆನುವಿನಲ್ಲಿ ಕೋಡೆಕ್ ಇನ್ಫರ್ಮೇಷನ್ ಒತ್ತಿ. ಆಡಿಯೋ ಎಂಬಲ್ಲಿ ರೂಪ, ಸ್ಯಾಂಪಲ್ ರೇಟ್ ಎರಡೂ ಕಾಣುತ್ತವೆ. ಒಂದಕ್ಕಿಂತ ಜಾಸ್ತಿ ಆಡಿಯೋ ಟ್ರ್ಯಾಕ್ ಇವೆಯೇ ಎಂದೂ ಅಲ್ಲೇ ತಿಳಿಯುತ್ತದೆ. ಇದ್ದರೆ, ಪ್ಲೇಯರ್ ರಿಮೋಟ್‌ನಲ್ಲಿ ಆಡಿಯೋ ಬಟನ್ ಒತ್ತಿ ನೋಡಿ. ಮೊದಲ ಟ್ರ್ಯಾಕ್ ಖಾಲಿಯಿದ್ದು ಎರಡನೆಯದರಲ್ಲಿ ಮಾತು ಇರಬಹುದು.

ಎಳೆದು ಬಿಟ್ಟರೆ ಡಿವಿಡಿ ಆಗುವುದಿಲ್ಲ

ನಾನು ಎಡವಿದ್ದು ಇಲ್ಲೇ. ಸುಮ್ನೆ ಎಂಪಿ4 ಫೈಲನ್ನು ಡಿಸ್ಕ್‌ಗೆ ಎಳೆದು ಬಿಟ್ಟಿದ್ದೆ. ವಿಂಡೋಸ್ ಆಗ ಎರಡು ಆಯ್ಕೆ ಕೊಡುತ್ತದೆ. ಒಂದು ಪೆನ್‌ಡ್ರೈವ್ ಥರ ಬಳಸಲು, ಇನ್ನೊಂದು ಸಿಡಿ, ಡಿವಿಡಿ ಪ್ಲೇಯರ್‌ಗೆ. ಎರಡನೆಯದನ್ನು ಒತ್ತಿದರೆ ಟಿವಿಯಲ್ಲಿ ಓಡುವ ಡಿವಿಡಿಯೇ ತಯಾರಾಗುತ್ತದೆ ಅನಿಸುತ್ತದೆ. ಆಗುವುದಿಲ್ಲ. ಎರಡರಲ್ಲೂ ಫೈಲ್ ಇದ್ದ ಹಾಗೇ ಡಿಸ್ಕ್‌ಗೆ ಹೋಗುತ್ತದೆ, ಸೌಂಡ್ ಎಎಸಿಯಾಗಿಯೇ ಉಳಿಯುತ್ತದೆ. ಕೆಲವು ಪ್ಲೇಯರ್‌ಗಳು ಇಂಥ ಫೈಲ್‌ನ ಚಿತ್ರವನ್ನು ಹೇಗೋ ತೋರಿಸುತ್ತವೆ, ಸೌಂಡನ್ನು ಬಿಟ್ಟುಬಿಡುತ್ತವೆ.

ನಿಜವಾದ ವಿಡಿಯೋ ಡಿವಿಡಿಯೊಳಗೆ ವಿಡಿಯೋ_ಟಿಎಸ್ ಎಂಬ ಫೋಲ್ಡರ್ ಇರುತ್ತದೆ. ಜೊತೆಗೆ ಆಡಿಯೋ_ಟಿಎಸ್ ಎಂಬ ಖಾಲಿ ಫೋಲ್ಡರ್ ಕಂಡರೆ ಗಾಬರಿ ಬೇಡ. ಅದು ಖಾಲಿಯೇ ಇರುವಂಥದ್ದು, ಸೌಂಡ್ ಇರುವುದು ಚಿತ್ರದ ಜೊತೆ ವಿಡಿಯೋ_ಟಿಎಸ್ ಒಳಗೇ.

ಇದನ್ನು ಮಾಡಲು ಡಿವಿಡಿಸ್ಟೈಲರ್ ಎಂಬ ಉಚಿತ ತಂತ್ರಾಂಶ ಸಾಕು. ಹೊಸ ಪ್ರಾಜೆಕ್ಟ್ ತೆರೆಯುವಾಗ ವಿಡಿಯೋಗೆ ಪಾಲ್, ಆಡಿಯೋಗೆ ಎಸಿ-3 48 ಕಿಲೋಹರ್ಟ್ಜ್ ಆರಿಸಿ. ಫೈಲ್ ಸೇರಿಸಿದ ಮೇಲೆ ಅದರ ಪ್ರಾಪರ್ಟೀಸ್ ತೆರೆದು ಆಡಿಯೋ ಟ್ರ್ಯಾಕ್ ಇದೆ ಎಂದು ಖಾತ್ರಿ ಮಾಡಿಕೊಳ್ಳಿ.

ಪಿಸಿಎಂ ಆರಿಸಿದರೆ ಗುಣಮಟ್ಟ ಚೆನ್ನಾಗಿರುತ್ತದಲ್ಲವೇ ಎಂದು ಕೇಳಬಹುದು. ಲೆಕ್ಕ ನೋಡಿ. ಸ್ಟೀರಿಯೋ ಪಿಸಿಎಂ ಸೆಕೆಂಡಿಗೆ 1,536 ಕಿಲೋಬಿಟ್ ತಿನ್ನುತ್ತದೆ. ಮೂರು ಗಂಟೆಗೆ ಸುಮಾರು 2 ಜಿಬಿ. ಡಿಸ್ಕ್‌ನಲ್ಲಿ ಇರುವುದೇ 4.7 ಜಿಬಿ. ಉಳಿದ ಜಾಗದಲ್ಲಿ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. 192 ಕಿಲೋಬಿಟ್‌ನ ಎಸಿ-3ಗೆ ಅದೇ ಮೂರು ಗಂಟೆಗೆ ಸುಮಾರು 260 ಎಂಬಿ ಸಾಕು. ಮಾತಿಗೂ ಮದ್ದಳೆಗೂ ಅದು ಚೆನ್ನಾಗಿಯೇ ಕೇಳುತ್ತದೆ.

ಇನ್ನೊಂದು ವಿಷಯ ಮದುವೆ ವಿಡಿಯೋ ಮಾಡುವವರು ಗಮನಿಸಬೇಕು. ಮೊದಲಿಗೆ ಹೆಸರಿನ ಫಲಕ, ಆಮೇಲೆ ವಿಡಿಯೋ ಎಂದು ಜೋಡಿಸುತ್ತೇವೆ. ಫಲಕಕ್ಕೆ ಆಡಿಯೋ ಟ್ರ್ಯಾಕೇ ಇರುವುದಿಲ್ಲ. ಕೆಲವು ತಂತ್ರಾಂಶಗಳು ಮೊದಲ ತುಣುಕನ್ನು ನೋಡಿ, ಮುಂದಿನದ್ದಕ್ಕೂ ಸೌಂಡ್ ಇಲ್ಲ ಎಂದೇ ಜೋಡಿಸಿಬಿಡುತ್ತವೆ. ಫಲಕಕ್ಕೆ ಹಿನ್ನೆಲೆ ಸಂಗೀತವನ್ನೋ ನಿಶ್ಶಬ್ದದ ಟ್ರ್ಯಾಕನ್ನೋ ಸೇರಿಸಿದರೆ ಈ ತೊಂದರೆ ಇಲ್ಲ.

ರೈಟ್ ಮಾಡುವ ಮುಂಚೆ

ನೇರವಾಗಿ ಡಿಸ್ಕ್‌ಗೆ ಹೋಗಬೇಡಿ. ಡಿವಿಡಿಸ್ಟೈಲರ್‌ನಲ್ಲಿ ಐಎಸ್‌ಒ ಇಮೇಜ್, ಅಂದರೆ ಇಡೀ ಡಿಸ್ಕ್‌ನ ಪ್ರತಿಯನ್ನು ಒಂದೇ ಫೈಲ್ ಆಗಿ ಮಾಡುವ ಆಯ್ಕೆ ಇದೆ. ಅದನ್ನು ವಿಎಲ್‌ಸಿಯಲ್ಲಿ ತೆರೆದು ಆರಂಭ, ನಡು, ಕೊನೆ ಮೂರೂ ಕಡೆ ಕೇಳಿ. ಆದರೆ ಕೇಳಿದರೆ ಮಾತ್ರ ಸಾಲದು. ವಿಎಲ್‌ಸಿ ಹೆಚ್ಚುಕಡಿಮೆ ಎಲ್ಲವನ್ನೂ ನುಡಿಸುತ್ತದೆ. ಹಾಗಾಗಿ ಕೋಡೆಕ್ ಇನ್ಫರ್ಮೇಷನ್ ಮತ್ತೆ ತೆರೆದು ಎ52 ಅಥವಾ ಎಸಿ3, 48000 ಎಂದು ಇದೆಯೇ ನೋಡಿ. ಎ52 ಎಂಬುದು ಎಸಿ-3ರ ಇನ್ನೊಂದು ಹೆಸರು.

ಆಮೇಲೆ ಒಂದು ಡಿವಿಡಿ-ಆರ್‌ಡಬ್ಲ್ಯೂ ಡಿಸ್ಕ್‌ಗೆ ರೈಟ್ ಮಾಡಿ ಟಿವಿಯಲ್ಲಿ ನೋಡಿ. ಅಳಿಸಿ ಮತ್ತೆ ಬಳಸಬಹುದಾದ್ದರಿಂದ ಪರೀಕ್ಷೆಗೆ ಅದೇ ಒಳ್ಳೆಯದು. ತೀರಾ ಹಳೆಯ ಪ್ಲೇಯರ್ ಆರ್‌ಡಬ್ಲ್ಯೂ ಡಿಸ್ಕನ್ನೇ ಓದದಿದ್ದರೆ ಮಾಮೂಲಿ ಡಿವಿಡಿ-ಆರ್ ಒಂದನ್ನೇ ಬಳಸಿ. ಕೇಳಿಸಿತೆಂದರೆ ಅದೇ ಐಎಸ್‌ಒದಿಂದ ಬೇಕಾದಷ್ಟು ಪ್ರತಿ ತೆಗೆಯಿರಿ. ಮೊಬೈಲ್‌ನ ಮೂಲ ಫೈಲನ್ನು ಮಾತ್ರ ಅಳಿಸಬೇಡಿ. ದೊಡ್ಡಪ್ಪನಿಗೆ ನಾಲ್ಕನೆಯ ಡಿಸ್ಕ್ ಕಳಿಸಲು ಆಗಿದ್ದು ಆ ಫೈಲ್ ಇದ್ದಿದ್ದರಿಂದಲೇ.